ಉಮೇದುವಾರರ ಚರ್ಚೆಯನ್ನು ನೋಡುವ ಬಗೆ

ಶಾಲೆ ಕಾಲೇಜುಗಳ ಚರ್ಚಾಸ್ಪರ್ಧೆಗಳು ನಮ್ಮ ವಾಚಕರೆಲ್ಲರಿಗೂ ಪರಿಚಿತವಾದುವೇ. ವಿಷಯವನ್ನು ಮೊದಲೇ ಪ್ರಕಟಿಸಿರುತ್ತಾರೆ. ಅದರ ಪರವಾಗಿ ಮಾತನಾಡುವವರಾರು, ವಿರೋಧವಾಗಿ ಮಾತನಾಡುವವರಾರು ಎಂಬುದು ಅನೇಕ ವೇಳೆ ಚೀಟಿ ಎತ್ತುವುದರಿಂದಲೇ ಗೊತ್ತಾಗುತ್ತದೆ. ಗಂಟೆ ಬಾರಿಸಿದೊಡನೆ ಮಾತು ನಿಲ್ಲಬೇಕು. ವಿಷಯ ಮಂಡನೆಗೆ ಇಷ್ಟು, ಭಾಷಾಶುದ್ಧಿಗೆ ಇಷ್ಟು, ಹಾವಭಾವಕ್ಕೆ ಇಷ್ಟು ಎಂದು ತೀರ್ಪುಗಾರರು ಅಂಕಗಳನ್ನು ಹಾಕಿ ಕೊನೆಯಲ್ಲಿ ಒಬ್ಬರಿಗೆ ಬಹುಮಾನವನ್ನು ಕೊಡುತ್ತಾರೆ. ಬಹುಮಾನ ಪಡೆದವನು ತಾನಾಡಿದ ಮಾತನ್ನು ನಂಬಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ನಾಳೆ ಅವನೇ ಎದುರು ಪಕ್ಷವನ್ನು ಹಿಡಿದು ಅಷ್ಟೇ ಸೊಗಸಾಗಿ ಮಾತನಾಡಬಲ್ಲನು.

ರಾಷ್ಟ್ರದ ಅತ್ಯುನ್ನತ ಅಧಿಕಾರವನ್ನು ಬಯಸುವ ಉಮೇದುವಾರರು ಹೀಗೆಯೇ ಎದುರುಬದುರಾಗಿ ನಿಂತು, ಟೆಲಿವಿಷನ್ನಿನ ಮೂಲಕ ಕೋಟ್ಯಂತರ ಮತದಾರರ ಕಣ್ಣೆದುರಿನಲ್ಲಿ ವಾದಿಸುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಚುನಾವಣೆಯಲ್ಲಿ 1960ರಲ್ಲಿ ಮೊದಲಾಯಿತು. ಈಗ ಬ್ರಿಟನ್, ಫ್ರಾನ್ಸ್, ಜರ್ಮನಿ ಮೊದಲಾದ ಅನೇಕ ದೇಶಗಳಲ್ಲಿಯೂ ಇಂತಹ ಚರ್ಚೆಗಳು ನಡೆಯುತ್ತವೆ. ಚರ್ಚೆ ಮುಗಿದೊಡನೆ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ: ಗೆದ್ದವರು ಯಾರು? ಈ ಪ್ರಶ್ನೆ ಚರ್ಚಾಸ್ಪರ್ಧೆಯಿಂದ ಎರವಲು ತಂದದ್ದೆಂದೂ, ಮತದಾರನಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದೂ ನಮ್ಮ ಅಭಿಪ್ರಾಯ. ಮತದಾರನು ಬಹುಮಾನ ಹಂಚಲು ಕುಳಿತವನಲ್ಲ. ಹಲವು ವರ್ಷಗಳ ಕಾಲ ತನ್ನನ್ನು ಆಳುವವರನ್ನು ಆರಿಸಲು ಕುಳಿತವನು. ಅಂತಹವನು ಒಂದೆರಡು ಗಂಟೆಗಳ ಚರ್ಚೆಯಿಂದ ತಿಳಿಯಬಹುದಾದುದೇನು, ತಿಳಿಯಲಾಗದುದೇನು, ತಿಳಿದೆನೆಂದು ಭ್ರಮಿಸುವುದೇನು? ಮನಶ್ಶಾಸ್ತ್ರಜ್ಞರೂ ರಾಜ್ಯಶಾಸ್ತ್ರಜ್ಞರೂ ಇದನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದ್ದಾರೆ. ಆ ಪರೀಕ್ಷೆಗಳ ಕೆಲವು ಫಲಗಳನ್ನು ಇಲ್ಲಿ ವಿವೇಚಿಸೋಣ. ಉದಾಹರಣೆಗೆಂದು ಮುಖ್ಯವಾಗಿ 1960ರ ಚರ್ಚೆಗಳನ್ನೇ ಆರಿಸಿಕೊಂಡಿದ್ದೇವೆ. ಅವು ನಡೆದು ಆರು ದಶಕಗಳು ಕಳೆದಿವೆ. ಅಂದು ಗುಟ್ಟಾಗಿದ್ದುದು ಇಂದು ಬಯಲಾಗಿದೆ. ಆದುದರಿಂದ ಅಂದಿನ ನೋಟಕರಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ನಾವು ನಿಷ್ಪಕ್ಷಪಾತವಾಗಿ ಅಳೆಯಬಹುದು.

ಚಿಕಾಗೋ ನಗರದ ಒಂದು ಗಂಟೆ

1960ನೆಯ ಇಸವಿ ಸೆಪ್ಟೆಂಬರ್ 26ರ ರಾತ್ರಿ ಚಿಕಾಗೋ ನಗರದ ಒಂದು ಟೆಲಿವಿಷನ್ ನಿಲಯದಲ್ಲಿ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಜಾನ್ ಕೆನೆಡಿಯವರೂ, ಆಗ ಉಪಾಧ್ಯಕ್ಷರಾಗಿದ್ದ ರಿಪಬ್ಲಿಕನ್ ಪಕ್ಷದ ರಿಚರ್ಡ್ ನಿಕ್ಸನ್ನರೂ ಒಂದು ಗಂಟೆಯ ಕಾಲ ದೇಶದ ಒಳಾಡಳಿತವನ್ನು ಕುರಿತು ಚರ್ಚಿಸಿದರು. ಮೊದಲು ಒಬ್ಬೊಬ್ಬರಿಗೂ ಎಂಟು ನಿಮಿಷಗಳ ಪೀಠಿಕೆ. ಬಳಿಕ ನಾಲ್ವರು ಪತ್ರಕರ್ತರಿಂದ ಪ್ರಶ್ನೆಗಳು. ಸುಮಾರು ಆರೂವರೆಯಿಂದ ಏಳು ಕೋಟಿ ಜನರು ಇದನ್ನು ನೋಡಿದರೆಂದು ಅಂದಾಜು. ಆ ವರ್ಷ ಇಂತಹವು ಇನ್ನು ಮೂರು ನಡೆದುವು. 1934ರ ಸಂಪರ್ಕ ಕಾನೂನಿನಂತೆ ಪ್ರಸಾರ ಸಂಸ್ಥೆಗಳು ಒಬ್ಬ ಉಮೇದುವಾರನಿಗೆ ಕೊಟ್ಟಷ್ಟು ಕಾಲವನ್ನು ಅದೇ ಹುದ್ದೆಗೆ ನಿಂತ ಎಲ್ಲರಿಗೂ ಕೊಡಬೇಕಾಗಿತ್ತು. 1960ರಲ್ಲಿ ಆ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿದುದರಿಂದ ಇಬ್ಬರೇ ಚರ್ಚಿಸುವುದು ಸಾಧ್ಯವಾಯಿತು. ಮುಂದಿನ ಮೂರು ಚುನಾವಣೆಗಳಲ್ಲಿ ಚರ್ಚೆಯೇ ನಡೆಯಲಿಲ್ಲ. 1976ರಲ್ಲಿ ಮತ್ತೆ ಆರಂಭವಾಯಿತು.

ನಿಕ್ಸನ್ನರು ಮೊಣಕಾಲಿನ ಸೋಂಕಿನಿಂದ ಆಗಸ್ಟ್ ಕೊನೆಯಲ್ಲಿ ಸುಮಾರು ಎರಡು ವಾರ ಆಸ್ಪತ್ರೆಯಲ್ಲಿದ್ದು ಬಹಳ ಬಡವಾಗಿದ್ದರು. ಅಂಗಿಯ ಕೊರಳಪಟ್ಟಿ ಸಡಿಲವಾಗಿ ಕಾಣುತ್ತಿತ್ತು. ಅವರು ತೊಟ್ಟಿದ್ದ ಬೂದುಬಣ್ಣದ ಉಡುಪು ಕಪ್ಪುಬಿಳುಪು ಚಿತ್ರದಲ್ಲಿ ಹಿಂದಿನ ಗೋಡೆಯೊಡನೆ ಬೆರೆತುಹೋಯಿತು. ಗಲ್ಲದ ಮೇಲೆ ಬೆವರು ಮೂಡಿತು. ಕಡು ಬಣ್ಣದ ಉಡುಪಿನಲ್ಲಿದ್ದ ಕೆನೆಡಿಯವರು ಸ್ಫುಟವಾಗಿ ಎದ್ದು ಕಂಡರು. ಒಬ್ಬರು ಮಾತನಾಡುತ್ತಿರುವಾಗ ಕೇಳುತ್ತಿರುವವರ ಮುಖವನ್ನೂ ನಡುನಡುವೆ ಕ್ಯಾಮೆರಾ ತೋರಿಸುತ್ತಿದ್ದುದರಿಂದ ಸುಮ್ಮನಿದ್ದಾಗಲೂ ಯಾರಿಗೂ ವಿರಾಮವಿರಲಿಲ್ಲ.

ಇಷ್ಟರಿಂದ ಒಂದು ಕಥೆ ಹುಟ್ಟಿತು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ನರು ಗೆದ್ದರೆಂದರು, ಟೆಲಿವಿಷನ್ನಿನಲ್ಲಿ ನೋಡಿದವರು ಕೆನೆಡಿಯವರು ಗೆದ್ದರೆಂದರು ಎಂಬುದೇ ಆ ಕಥೆ. ಪಠ್ಯಪುಸ್ತಕಗಳಲ್ಲಿಯೂ ಇದು ಸೇರಿಹೋಗಿದೆ. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಕೇಳಬೇಕಾದ ಪ್ರಶ್ನೆ, ಇದಕ್ಕೆ ಆಧಾರವೇನು ಎಂಬುದು.

ಮುಖ್ಯ ಆಧಾರ ಸಿಂಡ್ಲಿಂಗರ್ ಎಂಬ ಮಾರುಕಟ್ಟೆ ಸಂಶೋಧನ ಸಂಸ್ಥೆಯ ಒಂದು ವಿಚಾರಣೆ. ರೇಡಿಯೋ ಕೇಳಿದವರಲ್ಲಿ ನೂರಕ್ಕೆ 48.7 ಮಂದಿ ನಿಕ್ಸನ್ನರ ಪರವಾಗಿಯೂ 21 ಮಂದಿ ಕೆನೆಡಿಯವರ ಪರವಾಗಿಯೂ ಹೇಳಿದರು; ಟೆಲಿವಿಷನ್ ನೋಡಿದವರಲ್ಲಿ ಕೆನೆಡಿಯವರಿಗೆ 30.2, ನಿಕ್ಸನ್ನರಿಗೆ 28.6. ಅಂಕಿಗಳೇನೋ ಸ್ಪಷ್ಟವಾಗಿಯೇ ಇವೆ. ಆದರೆ 1987ರಲ್ಲಿ ವ್ಯಾನ್ಸಿಲ್, ಪೆಂಡೆಲ್ ಎಂಬ ಇಬ್ಬರು ವಿದ್ವಾಂಸರು ಇವುಗಳ ಬುಡವನ್ನು ಶೋಧಿಸಿದರು. ವಿಚಾರಿಸಲ್ಪಟ್ಟ 2138 ಜನರಲ್ಲಿ ರೇಡಿಯೋ ಕೇಳಿದವರು 282 ಮಂದಿ ಮಾತ್ರ. ಅವರಲ್ಲಿಯೂ ಗೆದ್ದವರಾರೆಂದು ಅಭಿಪ್ರಾಯ ಕೊಟ್ಟವರು 178 ಮಂದಿ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಆ ವೇಳೆಗೆ ಅಮೆರಿಕದ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಟೆಲಿವಿಷನ್ ಇತ್ತು. ಹಾಗಿದ್ದೂ ರೇಡಿಯೋದಲ್ಲಿಯೇ ಕೇಳಿದವರು ಯಾರು? ಟೆಲಿವಿಷನ್ ಮುಟ್ಟದ ಹಳ್ಳಿಗಾಡಿನವರು ಅವರಲ್ಲಿ ಹೆಚ್ಚಾಗಿದ್ದಿರಬಹುದು. ಅಂತಹ ಪ್ರದೇಶಗಳಲ್ಲಿ ನಿಕ್ಸನ್ನರಿಗೆ ಮೊದಲಿನಿಂದಲೇ ಒಲವಿದ್ದಿರಬಹುದು. ಚರ್ಚೆಗೆ ಮುಂಚೆ ಅವರ ಮನಸ್ಸು ಯಾವ ಕಡೆಗಿತ್ತೆಂಬುದು ಗೊತ್ತಿಲ್ಲದೆ, ವ್ಯತ್ಯಾಸಕ್ಕೆ ಕಣ್ಣು ಕಿವಿಗಳೇ ಕಾರಣವೆಂದು ಹೇಳುವುದು ಹೇಗೆ? ಆಗುಂಬೆಯಲ್ಲಿ ಒಂದು ಬಗೆಯ ಮಳೆಮಾಪಕವನ್ನೂ ಚಿತ್ರದುರ್ಗದಲ್ಲಿ ಇನ್ನೊಂದು ಬಗೆಯ ಮಾಪಕವನ್ನೂ ಇಟ್ಟು, ಎರಡರ ಅಂತರಕ್ಕೆ ಮಾಪಕಗಳ ರಚನೆಯೇ ಕಾರಣವೆಂದು ಸಾಧಿಸಿದಂತಾಗುತ್ತದೆ.

ಸರಿಯಾದ ವಿಧಾನವೆಂದರೆ ಒಂದೇ ಬಗೆಯ ಜನರನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಧ್ವನಿಯನ್ನು ಮಾತ್ರ, ಇನ್ನೊಂದಕ್ಕೆ ಚಿತ್ರವನ್ನೂ ಧ್ವನಿಯನ್ನೂ ಒದಗಿಸುವುದು. ಜೇಮ್ಸ್ ಡ್ರಕ್‌ಮನ್ ಎಂಬ ರಾಜ್ಯಶಾಸ್ತ್ರಜ್ಞರು 1960ರ ಅದೇ ಚರ್ಚೆಯ ಮುದ್ರಿಕೆಯನ್ನು ಬಳಸಿ ಈ ಪ್ರಯೋಗವನ್ನು ನಡೆಸಿ 2003ರಲ್ಲಿ ಫಲವನ್ನು ಪ್ರಕಟಿಸಿದರು. ಚಿತ್ರ ನೋಡಿದವರು ಕೆನೆಡಿಯವರ ಕಡೆಗೆ ಹೆಚ್ಚು ವಾಲಿದರು. ತೀರ್ಮಾನಿಸುವಾಗ ಸ್ವಭಾವದ ಗುಣಗಳಿಗೆ ಹೆಚ್ಚು ತೂಕ ಕೊಟ್ಟರು. ಹಳೆಯ ಕಥೆಯ ಸಾಕ್ಷ್ಯ ಕೆಟ್ಟದ್ದಾದರೂ ಕಥೆ ಪೂರ್ತಿ ಸುಳ್ಳಲ್ಲವೆಂದಾಯಿತು. ಇನ್ನೊಂದು ಫಲವನ್ನು ಮರೆಯಬಾರದು: ಚಿತ್ರ ನೋಡಿದವರು ಚರ್ಚೆಯಿಂದ ಕಲಿತ ಸಂಗತಿಗಳೂ ಹೆಚ್ಚೇ. ಕಣ್ಣುಮುಚ್ಚಿಕೊಂಡು ಕೇಳುವುದೇ ಜಾಣತನವೆಂಬ ಉಪದೇಶವನ್ನು ನಾವು ಕೇಳಿದ್ದೇವೆ. ಈ ಪ್ರಯೋಗ ಅದನ್ನು ಸಮರ್ಥಿಸುವುದಿಲ್ಲ.

ಮುಖದ ಪ್ರಭಾವವಂತೂ ಅಲ್ಲಗಳೆಯತಕ್ಕದ್ದಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಅವರ ಸಂಗಡಿಗರು, ಸೆನೆಟ್ ಚುನಾವಣೆಗಳಲ್ಲಿ ಎದುರಾಳಿಗಳಾಗಿದ್ದವರ ಭಾವಚಿತ್ರಗಳನ್ನು ಅವರನ್ನು ಅರಿಯದವರಿಗೆ ತೋರಿಸಿ, ಇಬ್ಬರಲ್ಲಿ ಹೆಚ್ಚು ಸಮರ್ಥನಾಗಿ ಕಾಣುವವನಾರೆಂದು ಕೇಳಿದರು. 2005ರಲ್ಲಿ ಪ್ರಕಟವಾದ ಫಲದಂತೆ, ಸಮರ್ಥನೆಂದು ತೋರಿದವನೇ ನೂರಕ್ಕೆ ಸುಮಾರು ಎಪ್ಪತ್ತು ಸ್ಪರ್ಧೆಗಳಲ್ಲಿ ಗೆದ್ದಿದ್ದನು.

ಬೆವರಿನ ಹಿಂದೆ ಮರೆಯಾದ ಅಂಕಿ

ಆ ರಾತ್ರಿ ನೋಡಿದವರಿಗೆ ನಿಕ್ಸನ್ನರ ಬೆವರು ನೆನಪಿನಲ್ಲಿ ಉಳಿಯಿತು. ಆದರೆ ಚರ್ಚೆಯ ಮೊದಲ ಹದಿನಾರು ನಿಮಿಷಗಳಲ್ಲಿಯೇ ಗಮನಾರ್ಹವಾದ ಇನ್ನೊಂದು ಸಂಗತಿ ನಡೆದುಹೋಗಿತ್ತು. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ.

ಕೆನೆಡಿಯವರು ತಮ್ಮ ಪೀಠಿಕೆಯಲ್ಲಿ, ದೇಶ ಮುನ್ನಡೆಯದೆ ನಿಂತಿದೆ ಎಂಬುದಕ್ಕೆ ಕೆಲವು ಪ್ರಮಾಣಗಳನ್ನು ಕೊಟ್ಟರು. ಉಕ್ಕಿನ ಕಾರ್ಖಾನೆಗಳ ಅರ್ಧ ಸಾಮರ್ಥ್ಯ ವ್ಯರ್ಥವಾಗಿದೆ. ಹಿಂದಿನ ವರ್ಷ ಪ್ರಮುಖ ಕೈಗಾರಿಕಾ ದೇಶಗಳಲ್ಲೆಲ್ಲ ಅಮೆರಿಕದ ಆರ್ಥಿಕ ಬೆಳವಣಿಗೆಯ ದರವೇ ಅತ್ಯಂತ ಕಡಮೆ. ಸೋವಿಯತ್ ಒಕ್ಕೂಟ ಅಮೆರಿಕಕ್ಕಿಂತ ಎರಡರಷ್ಟು ವಿಜ್ಞಾನಿಗಳನ್ನೂ ಇಂಜಿನಿಯರುಗಳನ್ನೂ ತಯಾರಿಸುತ್ತಿದೆ ಎಂದರು. ನಿಕ್ಸನ್ನರು ತಮ್ಮ ಸರದಿ ಬಂದಾಗ ಉತ್ತರ ಕೊಟ್ಟರು: ಹಿಂದಿನ ವರ್ಷವೆಂದರೆ 1958, ಅದು ಆರ್ಥಿಕ ಹಿಂಜರಿತದ ವರ್ಷ, ಚೇತರಿಕೆಯ ವರ್ಷವಾದ ಈ ವರ್ಷ ಬೆಳವಣಿಗೆ ನೂರಕ್ಕೆ 6.9, ಜಗತ್ತಿನಲ್ಲಿಯೇ ಹೆಚ್ಚಿನ ದರಗಳಲ್ಲೊಂದು.

ಒಮ್ಮೆ ಓದಿದರೆ ಇದು ಸಮರ್ಪಕವಾದ ಉತ್ತರದಂತೆಯೇ ತೋರುತ್ತದೆ. ಆದರೆ ಚರ್ಚೆ ನಡೆದ ದಿನಾಂಕವನ್ನು ವಾಚಕರು ಮತ್ತೊಮ್ಮೆ ನೋಡಬೇಕು. 1960ರ ಸೆಪ್ಟೆಂಬರಿನಲ್ಲಿ ನಿಂತವನಿಗೆ ಹಿಂದಿನ ವರ್ಷ 1959ಲ್ಲವೇ? ಇಂದು ನಮಗೆ ದೊರೆಯುವ ರಾಷ್ಟ್ರೀಯ ಲೆಕ್ಕಗಳಂತೆ ಅಮೆರಿಕದ ಒಟ್ಟು ಉತ್ಪನ್ನ 1958ರಲ್ಲಿ ನೂರಕ್ಕೆ ಸುಮಾರು 0.7ರಷ್ಟು ಕುಗ್ಗಿತು, 1959ರಲ್ಲಿ ಸುಮಾರು 6.9ರಷ್ಟು ಹೆಚ್ಚಿತು, 1960ರಲ್ಲಿ ಸುಮಾರು 2.6ರಷ್ಟು ಮಾತ್ರ ಹೆಚ್ಚಿತು. ಎಂದರೆ ಕೆನೆಡಿಯವರು ಹಿಂದಿನ ವರ್ಷವೆಂದು ಹೇಳಿದ ಮಾತು ಅದರ ಹಿಂದಿನ ವರ್ಷಕ್ಕೆ ಹೊಂದುತ್ತದೆ. ನಿಕ್ಸನ್ನರು ಈ ವರ್ಷವೆಂದು ಹೇಳಿದ ಅಂಕಿ ಹಿಂದಿನ ವರ್ಷಕ್ಕೆ ಹೊಂದುತ್ತದೆ. ಇಬ್ಬರ ಪಂಚಾಂಗವೂ ಒಂದು ವರ್ಷ ಹಿಂದಿತ್ತು! ಎದುರಾಳಿಯ ತಪ್ಪನ್ನು ತೋರಿಸಿಕೊಡುವ ಬದಲು ನಿಕ್ಸನ್ನರು ಅದಕ್ಕೆ ತಾವೇ ಒಂದು ಇಸವಿಯನ್ನು ಒದಗಿಸಿ ಒಪ್ಪಿಕೊಂಡಂತಾಯಿತು. ಇಷ್ಟೇ ಅಲ್ಲ, ಅಮೆರಿಕದ ಆರ್ಥಿಕ ಏರಿಳಿತಗಳ ಕಾಲನಿರ್ಣಯ ಮಾಡುವ ರಾಷ್ಟ್ರೀಯ ಆರ್ಥಿಕ ಸಂಶೋಧನಾ ಮಂಡಲಿ ಗೊತ್ತುಮಾಡಿರುವಂತೆ, 1960ರ ಏಪ್ರಿಲಿನಿಂದಲೇ ಹೊಸದೊಂದು ಹಿಂಜರಿತ ಮೊದಲಾಗಿತ್ತು. ಚೇತರಿಕೆಯ ವರ್ಷವೆಂದು ಹೇಳುತ್ತಿದ್ದ ಆ ಗಳಿಗೆಯಲ್ಲಿಯೇ ಇಳಿಮುಖ ನಡೆದಿತ್ತು.

ಈ ಉದಾಹರಣೆಯಿಂದ ನೋಟಕನಿಗೆ ಒದಗುವ ಪಾಠ ಬಹು ಸರಳವಾದುದು. ಬೆಳವಣಿಗೆಯ ದರ, ನಿರುದ್ಯೋಗ, ಬೆಲೆಗಳ ಏರಿಕೆ, ಅಪರಾಧಗಳ ಸಂಖ್ಯೆ ಇವುಗಳನ್ನು ಉಮೇದುವಾರರು ಎತ್ತಿ ಹೇಳಿದಾಗ ಅಂಕಿ ಸರಿಯೇ ತಪ್ಪೇ ಎಂದು ಕೇಳುವುದಕ್ಕೆ ಮುಂಚೆ, ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂದು ಕೇಳಬೇಕು. ಹಳ್ಳದಿಂದ ಅಳೆಯಲು ತೊಡಗಿದವನಿಗೆ ಎಲ್ಲವೂ ಏರು; ದಿಣ್ಣೆಯಿಂದ ಅಳೆದವನಿಗೆ ಎಲ್ಲವೂ ಇಳಿಜಾರು. ಎರಡನೆಯ ಪ್ರಶ್ನೆ, ಎಣಿಸಿದುದು ಯಾವುದನ್ನು ಎಂಬುದು. ಎರಡರಷ್ಟು ಇಂಜಿನಿಯರುಗಳೆಂದರೆ ಆ ವರ್ಷ ಪದವಿ ಪಡೆದವರೇ, ಒಟ್ಟು ಕೆಲಸದಲ್ಲಿರುವವರೇ? ಎರಡು ದೇಶಗಳಲ್ಲಿಯೂ ಇಂಜಿನಿಯರನೆಂಬ ಹೆಸರಿಗೆ ಒಂದೇ ಅರ್ಥವಿದೆಯೇ? ಚರ್ಚೆಯ ಓಟದಲ್ಲಿ ಇವನ್ನೆಲ್ಲ ನಿರ್ಧರಿಸುವುದು ಯಾರಿಂದಲೂ ಆಗದು. ಅಂಕಿಯನ್ನು ಕಾಗದದ ಮೇಲೆ ಬರೆದುಕೊಂಡು ಮರುದಿನ ಹುಡುಕಬಹುದು. ಕಾಗದವಿಲ್ಲದೆ ನೋಡಿದವನಿಗೆ ಮರುದಿನ ಬೆವರು ನೆನಪಿರುತ್ತದೆ, ಅಂಕಿ ನೆನಪಿರುವುದಿಲ್ಲ.

ಕೇಳಿದ ಪ್ರಶ್ನೆ, ಕೊಟ್ಟ ಉತ್ತರ

ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರದ ಗೊತ್ತಿರುವ ಉತ್ತರವನ್ನು ಬರೆದುಬರುವ ಕಲೆ ಕೆಲವು ವಿದ್ಯಾರ್ಥಿಗಳಿಗೆ ಕರಗತವಾಗಿರುತ್ತದೆ. ಉಪಾಧ್ಯಾಯರು ಸಾಮಾನ್ಯವಾಗಿ ಮೋಸಹೋಗುವುದಿಲ್ಲ. ಪ್ರಶ್ನಪತ್ರಿಕೆ ಅವರ ಮುಂದೆಯೇ ಇರುತ್ತದೆ. ಚರ್ಚೆಯನ್ನು ನೋಡುವವನ ಮುಂದೆ ಅದಿರುವುದಿಲ್ಲ. ಟಾಡ್ ರಾಜರ್ಸ್, ಮೈಕೇಲ್ ನಾರ್ಟನ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಭಾಷಣಕಾರನೊಬ್ಬನು ಆರೋಗ್ಯ ವ್ಯವಸ್ಥೆಯನ್ನು ಕುರಿತು ಕೊಟ್ಟ ಒಂದೇ ಉತ್ತರವನ್ನು ಬೇರೆ ಬೇರೆ ಪ್ರಶ್ನೆಗಳಿಗೆ ಜೋಡಿಸಿದರು. ಒಂದು ಗುಂಪಿಗೆ ಆರೋಗ್ಯದ ಪ್ರಶ್ನೆಯೇ ಕೇಳಿಸಿತು. ಇನ್ನೊಂದಕ್ಕೆ ಮಾದಕ ದ್ರವ್ಯಗಳ ಪ್ರಶ್ನೆ. ಮತ್ತೊಂದಕ್ಕೆ ಭಯೋತ್ಪಾದನೆಯ ಪ್ರಶ್ನೆ. ಭಯೋತ್ಪಾದನೆಯ ಪ್ರಶ್ನೆಗೆ ಆರೋಗ್ಯದ ಉತ್ತರ ಕೊಟ್ಟುದನ್ನು ಕೇಳುಗರು ಹಿಡಿದರು. ಆದರೆ ಮಾದಕ ದ್ರವ್ಯಗಳ ಪ್ರಶ್ನೆಗೆ ಅದೇ ಉತ್ತರ ಬಂದಾಗ ಬಹುಮಂದಿಗೆ ನುಣುಚಿಕೆ ಗೊತ್ತಾಗಲೇ ಇಲ್ಲ; ಪ್ರಶ್ನೆ ಏನಾಗಿತ್ತೆಂಬುದೂ ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಉತ್ತರ ನಡೆಯುತ್ತಿರುವಾಗ ಪ್ರಶ್ನೆಯ ಬರಹವನ್ನು ಪರದೆಯ ಮೇಲೆ ತೋರಿಸಿದರೆ ನುಣುಚಿಕೆಯನ್ನು ಗುರುತಿಸುವವರ ಸಂಖ್ಯೆ ಹೆಚ್ಚಿತು. ನಾವು ಇದುವರೆಗೆ ಕಂಡ ಉಪಾಯಗಳಲ್ಲಿ ಇದಕ್ಕಿಂತ ಸುಲಭವಾದುದೂ ಅಗ್ಗವಾದುದೂ ಇನ್ನೊಂದಿಲ್ಲ: ಪ್ರಶ್ನೆಯನ್ನು ಬರೆದು ಕಣ್ಣಮುಂದೆ ಇಟ್ಟುಕೊಳ್ಳುವುದು.

ಇತರರ ನಗು, ಇತರರ ತೀರ್ಪು

ನಾವು ಸ್ವತಂತ್ರವಾಗಿ ತೀರ್ಮಾನಿಸುತ್ತಿದ್ದೇವೆಂದು ತಿಳಿದಿರುವಾಗಲೂ ಪಕ್ಕದವರ ತೀರ್ಮಾನ ನಮ್ಮೊಳಕ್ಕೆ ನುಸುಳುವುದುಂಟು. 1984ರ ಅಕ್ಟೋಬರ್ 21ರ ಚರ್ಚೆಯಲ್ಲಿ, 73 ವರ್ಷದ ಅಧ್ಯಕ್ಷ ರೇಗನ್ನರನ್ನು ಅವರ ವಯಸ್ಸಿನ ವಿಷಯವಾಗಿ ಕೇಳಿದಾಗ, ಎದುರಾಳಿಯ ಎಳೆಹರೆಯವನ್ನೂ ಅನನುಭವವನ್ನೂ ತಾವು ಚುನಾವಣೆಯ ಲಾಭಕ್ಕೆ ಬಳಸಿಕೊಳ್ಳುವುದಿಲ್ಲವೆಂದು ಅವರು ಗಂಭೀರವಾಗಿ ಉತ್ತರವಿತ್ತರು. ಸಭಿಕರೆಲ್ಲ ನಕ್ಕರು, 56 ವರ್ಷದ ಎದುರಾಳಿ ಮಾಂಡೇಲರೂ ನಕ್ಕರು. ಕೇಳಿದ ಪ್ರಶ್ನೆಗೆ ಉತ್ತರ ಬಂದಿತೇ ಎಂದು ಅನಂತರ ಯಾರೂ ಯೋಚಿಸಲಿಲ್ಲ. ಆ ಚರ್ಚೆಯ ಮುದ್ರಿಕೆಯನ್ನು ಫೈನ್, ಗೊಯ್ಥಲ್ಸ್, ಕುಗ್ಲರ್ ಎಂಬ ಮನಶ್ಶಾಸ್ತ್ರಜ್ಞರು ತಿದ್ದಿ ಪ್ರಯೋಗ ನಡೆಸಿದರು. ಅವರ ಲೇಖನ 2007ರಲ್ಲಿ ಪ್ರಕಟವಾಯಿತು. ಹಾಸ್ಯೋಕ್ತಿಯನ್ನು ಉಳಿಸಿ ಸಭಿಕರ ನಗುವನ್ನು ಮಾತ್ರ ಅಳಿಸಿ ತೋರಿಸಿದಾಗ ರೇಗನ್ನರಿಗೆ ದೊರೆತ ಅಂಕಗಳು ಬಹಳ ಇಳಿದುಹೋದುವು. ನಗಿಸಿದುದು ಮಾತೆಂದು ನೋಟಕರು ತಿಳಿದಿದ್ದರು. ಬಹುಮಟ್ಟಿಗೆ ಅವರನ್ನು ನಗಿಸಿದುದು ಇತರರ ನಗೆಯೇ.

ಬ್ರಿಟನ್ನಿನಲ್ಲಿ 2010ರ ಏಪ್ರಿಲ್ 29ರ ಚರ್ಚೆಯ ಕಾಲದಲ್ಲಿ ನಡೆದ ಪ್ರಯೋಗ ಇನ್ನೂ ದಿಗಿಲು ಹುಟ್ಟಿಸುವಂತಹದು. ಆಯ್ದ ಕೆಲವು ನೋಟಕರು ಗುಂಡಿಯೊತ್ತಿ ಸೂಚಿಸುವ ಮೆಚ್ಚುಗೆಯನ್ನು ಏರಿಳಿಯುವ ಗೆರೆಯಾಗಿ ಪರದೆಯ ಕೆಳಗೆ ತೋರಿಸುವ ವಾಡಿಕೆ ಕೆಲವು ದೇಶಗಳಲ್ಲಿದೆ. ಇದನ್ನು ಹುಳು ಎಂದು ಕರೆಯುತ್ತಾರೆ. ಡೇವಿಸ್, ಬೌವರ್ಸ್, ಮೆಮನ್ ಎಂಬವರು 150 ಜನರನ್ನು ಎರಡು ಗುಂಪು ಮಾಡಿ ನೇರ ಪ್ರಸಾರದ ಮೇಲೆ ತಾವೇ ಕಲ್ಪಿಸಿದ ಹುಳುವನ್ನು ಹರಿಯಬಿಟ್ಟರು. ಒಂದು ಗುಂಪಿಗೆ ಅದು ಪ್ರಧಾನಿ ಗಾರ್ಡನ್ ಬ್ರೌನರ ಕಡೆಗೆ ಒಲಿದಿತ್ತು, ಇನ್ನೊಂದಕ್ಕೆ ನಿಕ್ ಕ್ಲೆಗ್ ಅವರ ಕಡೆಗೆ. ಚರ್ಚೆಯಲ್ಲಿ ಯಾರು ಗೆದ್ದರೆಂಬ ವಿಷಯದಲ್ಲಿ ಎರಡು ಗುಂಪುಗಳ ಅಭಿಪ್ರಾಯವೂ ತಮ್ಮ ತಮ್ಮ ಹುಳುವಿನ ಹಿಂದೆಯೇ ಹೋಯಿತು. ಮೊಬೈಲು ದೂರವಾಣಿಯನ್ನು ಕೈಯಲ್ಲಿ ಹಿಡಿದು, ಇತರರ ಟೀಕೆಗಳನ್ನು ಓದುತ್ತ ಚರ್ಚೆಯನ್ನು ನೋಡುವ ಇಂದಿನ ತರುಣರ ಮುಂದೆ ಒಂದಲ್ಲ, ನೂರು ಹುಳುಗಳು ಹರಿದಾಡುತ್ತಿರುತ್ತವೆ.

ಚರ್ಚೆ ಮುಗಿದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. 1976ರ ಅಕ್ಟೋಬರ್ 6ರಂದು ಅಧ್ಯಕ್ಷ ಫೋರ್ಡರು ಪೂರ್ವ ಯೂರೋಪಿನ ಮೇಲೆ ಸೋವಿಯತ್ ಪ್ರಭುತ್ವವಿಲ್ಲವೆಂದು ಹೇಳಿ ದೊಡ್ಡ ಪ್ರಮಾದ ಮಾಡಿದರು. ವಿಶೇಷವೇನೆಂದರೆ, ಅದೇ ರಾತ್ರಿ ವಿಚಾರಿಸಿದಾಗ ಅವರು ಸೋತರೆಂಬ ಭಾವನೆ ಜನರಲ್ಲಿ ಬಲವಾಗಿರಲಿಲ್ಲ. ಪತ್ರಿಕೆಗಳೂ ವಾರ್ತಾಪ್ರಸಾರಗಳೂ ಇಡೀ ದಿನ ಆ ಒಂದು ವಾಕ್ಯವನ್ನೇ ಎತ್ತಿ ಆಡಿದ ಮೇಲೆ, ಮರುದಿನ ವಿಚಾರಿಸಿದಾಗ ಕಾರ್ಟರರು ಗೆದ್ದರೆಂದವರೇ ಬಹುಪಾಲು. ಈ ಬದಲಾವಣೆಯನ್ನು ಪೂರ್ತಿ ಕೆಟ್ಟದ್ದೆನ್ನಲಾಗದು. ತಾವು ಗಮನಿಸದಿದ್ದ ನಿಜವಾದ ತಪ್ಪೊಂದನ್ನು ಜನರು ಪತ್ರಿಕೆಯಿಂದ ಕಲಿತರು. ಆದರೆ ತನ್ನ ಅಭಿಪ್ರಾಯದಲ್ಲಿ ಎಷ್ಟು ಭಾಗ ತಾನು ಕಂಡದ್ದು, ಎಷ್ಟು ಭಾಗ ಮರುದಿನ ಕೇಳಿದ್ದು ಎಂಬುದು ತಿಳಿಯಬೇಕಾದರೆ, ಚರ್ಚೆ ಮುಗಿದ ಗಳಿಗೆಯಲ್ಲಿಯೇ ಹತ್ತು ಸಾಲು ಬರೆದಿಡುವುದೊಂದೇ ಮಾರ್ಗ. ಪ್ರಯೋಗಶಾಲೆಯಲ್ಲಿ ಅಳತೆಯನ್ನು ಓದಿದೊಡನೆ ಬರೆಯಬೇಕೆಂಬ ನಿಯಮವಿದೆಯಷ್ಟೆ, ಇಲ್ಲಿಯೂ ಅದೇ.

ಅದೇ ವರ್ಷದ ಮೊದಲ ಚರ್ಚೆಯಲ್ಲಿ ಧ್ವನಿಯಂತ್ರ ಕೆಟ್ಟು 27 ನಿಮಿಷ ಮಾತು ನಿಂತುಹೋಯಿತು. ಇಬ್ಬರು ಉಮೇದುವಾರರೂ ತಂತಮ್ಮ ಪೀಠದ ಹಿಂದೆ ಹೆಚ್ಚುಕಡಮೆ ಅಲುಗಾಡದೆ, ಒಬ್ಬರೊಡನೊಬ್ಬರು ಮಾತನಾಡದೆ ನಿಂತಿದ್ದರು. ಕ್ಯಾಮೆರಾದ ಭಯ ಎಷ್ಟೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಯಾವ ಎಚ್ಚರವೂ ಸಾಲದ ಸ್ಥಳ

ಇಷ್ಟೆಲ್ಲ ಎಚ್ಚರಿಕೆಯಿಂದ ನೋಡಿದರೂ ತಿಳಿಯಲಾಗದ ಸಂಗತಿ ಇರಬಲ್ಲುದೇ? ಇರಬಲ್ಲುದು. 1960ರ ಅಕ್ಟೋಬರ್ 21ರ ನಾಲ್ಕನೆಯ ಚರ್ಚೆ ಅದಕ್ಕೆ ನಿದರ್ಶನ. ಕ್ಯೂಬಾ ದೇಶದಲ್ಲಿ ಅಧಿಕಾರಕ್ಕೆ ಬಂದಿದ್ದ ಫಿಡೆಲ್ ಕ್ಯಾಸ್ಟ್ರೋರನ್ನು ವಿರೋಧಿಸುವ ದೇಶಭ್ರಷ್ಟರಿಗೆ ಬೆಂಬಲವೀಯಬೇಕೆಂದು ಕೆನೆಡಿಯವರ ಕಡೆಯವರು ಆಗತಾನೆ ಹೇಳಿಕೆ ಕೊಟ್ಟಿದ್ದರು. ನಿಕ್ಸನ್ನರು ಅದನ್ನು ಬಲವಾಗಿ ಖಂಡಿಸಿದರು. ಅದು ಅಪಾಯಕರವಾದ, ಹೊಣೆಗೇಡಿಯಾದ ಸಲಹೆ. ಹಾಗೆ ಮಾಡಿದರೆ ಒಪ್ಪಂದಗಳನ್ನು ಮುರಿದಂತಾಗುತ್ತದೆ, ಲ್ಯಾಟಿನ್ ಅಮೆರಿಕದ ಮಿತ್ರರು ದೂರವಾಗುತ್ತಾರೆ, ವಿಶ್ವಸಂಸ್ಥೆಯಲ್ಲಿ ಖಂಡನೆಗೆ ಗುರಿಯಾಗಬೇಕಾಗುತ್ತದೆ ಎಂದು ಒಂದೊಂದಾಗಿ ತೋರಿಸಿದರು. ತೀರ್ಪುಗಾರರಾಗಿದ್ದರೆ ನಾವೂ ಪೂರ್ಣ ಅಂಕಗಳನ್ನು ಕೊಡುತ್ತಿದ್ದೆವು.

ಆದರೆ ಅಂತಹ ದೇಶಭ್ರಷ್ಟರಿಗೆ ಯುದ್ಧ ಶಿಕ್ಷಣ ಕೊಡುವ ರಹಸ್ಯ ಯೋಜನೆಗೆ ಅಧ್ಯಕ್ಷ ಐಸೆನ್‌ಹೋವರರು ಅದೇ ವರ್ಷ ಮಾರ್ಚ್ 17ರಂದೇ ಒಪ್ಪಿಗೆ ಕೊಟ್ಟಿದ್ದರು. ಉಪಾಧ್ಯಕ್ಷರಾದ ನಿಕ್ಸನ್ನರಿಗೆ ಅದು ತಿಳಿದಿತ್ತು. ಅವರು ಅದರ ಬೆಂಬಲಿಗರೇ ಆಗಿದ್ದರು. ಗುಟ್ಟನ್ನು ಕಾಪಾಡಲೆಂದು ತಾವು ನಂಬಿದುದಕ್ಕೆ ವಿರುದ್ಧವಾಗಿ ವಾದಿಸಬೇಕಾಯಿತೆಂದು 1962ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಅವರೇ ಬರೆದುಕೊಂಡಿದ್ದಾರೆ. ಚೀಟಿ ಎತ್ತಿ ಎದುರು ಪಕ್ಷ ಹಿಡಿದ ವಿದ್ಯಾರ್ಥಿಯಂತೆಯೇ ಆಯಿತು. 1961ರ ಏಪ್ರಿಲಿನಲ್ಲಿ, ಕೆನೆಡಿಯವರು ಅಧ್ಯಕ್ಷರಾದ ಮೂರು ತಿಂಗಳಿಗೆ, ಸುಮಾರು 1400 ಮಂದಿ ದೇಶಭ್ರಷ್ಟರು ಕ್ಯೂಬಾದ ಹಂದಿಗಳ ಕೊಲ್ಲಿಯಲ್ಲಿ ಇಳಿದರು. ಮೂರೇ ದಿನಗಳಲ್ಲಿ ಸೋತುಹೋದರು. ತಾನೇ ನಂಬದೆ ಆಡಿದ ಭವಿಷ್ಯ ಬಹುಮಟ್ಟಿಗೆ ನಿಜವಾದುದು ಇತಿಹಾಸದ ವಿನೋದಗಳಲ್ಲೊಂದು. ಇಲ್ಲಿ ಮತದಾರನಿಗೆ ಸಂದ ನಷ್ಟ ಸಣ್ಣದಲ್ಲ. ಕ್ಯೂಬಾದ ಮೇಲೆ ದಂಡೆತ್ತುವುದು ಬೇಡವೆಂದು ನಿಕ್ಸನ್ನರಿಗೆ ಓಟು ಹಾಕಿದವನಿದ್ದರೆ, ಅವನು ದಂಡಯಾತ್ರೆಯನ್ನು ಬೆಂಬಲಿಸುತ್ತಿದ್ದವರಿಗೇ ಓಟು ಹಾಕಿದಂತಾಯಿತು. ಆ ಚುನಾವಣೆಯಲ್ಲಿ ಚಲಾವಣೆಯಾದ ಮತಗಳು ಆರೂಮುಕ್ಕಾಲು ಕೋಟಿಗೂ ಹೆಚ್ಚು. ಕೆನೆಡಿಯವರಿಗೆ ದೊರೆತ ಹೆಚ್ಚಳ ಸುಮಾರು 1 ಲಕ್ಷ 13 ಸಾವಿರ ಮಾತ್ರ.

ಚರ್ಚೆಗಳಿಂದ ಮತಗಳು ನಿಜವಾಗಿ ಎಷ್ಟು ಬದಲಾಗುತ್ತವೆ? ಹತ್ತು ದೇಶಗಳ 62 ಚುನಾವಣೆಗಳನ್ನೂ 56 ಟೆಲಿವಿಷನ್ ಚರ್ಚೆಗಳನ್ನೂ ಪರಿಶೀಲಿಸಿ ಲೆ ಪೆನೆಕ್, ಪಾನ್ಸ್ ಎಂಬ ಇಬ್ಬರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚರ್ಚೆಗಳ ಪರಿಣಾಮ ಗೋಚರವಾಗಲಿಲ್ಲ. 2010ರ ಬ್ರಿಟನ್ನಿನ ಮೊದಲ ಚರ್ಚೆಯಲ್ಲಿ ಎಲ್ಲರ ಮೆಚ್ಚುಗೆ ಗಳಿಸಿದ ಕ್ಲೆಗ್ ಅವರ ಪಕ್ಷ ಚುನಾವಣೆಯಲ್ಲಿ 62 ಸ್ಥಾನಗಳಿಂದ 57ಕ್ಕೆ ಇಳಿಯಿತು. ಆದರೆ ಸರಾಸರಿಯನ್ನು ನಂಬಿ ಎಲ್ಲ ಚರ್ಚೆಗಳೂ ನಿಷ್ಫಲವೆನ್ನುವಂತಿಲ್ಲ. 2024ರ ಜೂನ್ 27ರಂದು ಅಟ್ಲಾಂಟದಲ್ಲಿ, ಸಭಿಕರಿಲ್ಲದ ಕೊಠಡಿಯಲ್ಲಿ, ಟ್ರಂಪರ ಎದುರು 81 ವರ್ಷದ ಅಧ್ಯಕ್ಷ ಬೈಡನ್ನರು ತಡವರಿಸಿದುದನ್ನು ದೇಶವೆಲ್ಲ ಕಂಡಿತು. ಜುಲೈ 21ರಂದು ಅವರು ಸ್ಪರ್ಧೆಯಿಂದಲೇ ಹಿಂದೆಗೆದರು. ಲಿಖಿತ ಭಾಷಣಗಳಿಂದ ತಿಳಿಯದಿದ್ದ ಸಂಗತಿಯನ್ನು ಆ ಒಂದೂವರೆ ಗಂಟೆ ತಿಳಿಸಿತು. ಸಿದ್ಧವಿಲ್ಲದ ಪ್ರಶ್ನೆಯನ್ನು ಎದುರಿಸುವಾಗ ಮನುಷ್ಯನ ಬುದ್ಧಿ ಹೇಗೆ ಓಡುತ್ತದೆ, ಕೆಣಕಿದಾಗ ಅವನು ಏನು ಮಾಡುತ್ತಾನೆ, ತಾನು ಹೇಳುವ ವಿಷಯವನ್ನು ಎಷ್ಟು ಆಳವಾಗಿ ಬಲ್ಲನು, ಇವು ಚರ್ಚೆಯಲ್ಲಿ ಕಾಣಬಲ್ಲ ವಸ್ತುಗಳು. ಅವನು ಹಿಂದೆ ಮಾಡಿದುದೇನು, ಅವನ ಸುತ್ತ ಇರುವವರಾರು, ಭರವಸೆಗೆ ಹಣ ಎಲ್ಲಿಂದ ಬರುತ್ತದೆ, ಇವು ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಪ್ರಧಾನಿ ಪದವಿಯ ಆಕಾಂಕ್ಷಿಗಳು ಹೀಗೆ ಎದುರುಬದುರಾಗಿ ಚರ್ಚಿಸುವ ಸಂಪ್ರದಾಯ ಬೆಳೆದಿಲ್ಲ. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಾಧೀಶರಾದ ಮದನ್ ಲೋಕೂರ್, ಎ. ಪಿ. ಶಾ ಅವರೂ ಪತ್ರಕರ್ತ ಎನ್. ರಾಮ್ ಅವರೂ ನರೇಂದ್ರ ಮೋದಿಯವರಿಗೂ ರಾಹುಲ್ ಗಾಂಧಿಯವರಿಗೂ ಅಂತಹ ಆಹ್ವಾನವನ್ನು ಕಳುಹಿಸಿದ್ದರು, ಚರ್ಚೆ ನಡೆಯಲಿಲ್ಲ. ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ನಾಗರಿಕ ಸಂಘಗಳು ಕ್ಷೇತ್ರದ ಉಮೇದುವಾರರನ್ನೆಲ್ಲ ಒಂದೇ ವೇದಿಕೆಗೆ ಕರೆದು ಪ್ರಶ್ನಿಸುವುದುಂಟು. ಐದಾರು ಮಂದಿ ವಕ್ತಾರರು ಏಕಕಾಲದಲ್ಲಿ ಕೂಗಾಡುವ ಸುದ್ದಿವಾಹಿನಿಯ ಕಾರ್ಯಕ್ರಮಗಳನ್ನು ನಾವು ಚರ್ಚೆಯೆಂದು ಎಣಿಸುವುದಿಲ್ಲ. ಆದರೆ ಬೇರೊಂದು ಸಾಧನ ನಮಗಿದೆ. ಸರ್ವೋಚ್ಚ ನ್ಯಾಯಾಲಯದ 2002 ಮತ್ತು 2003ರ ತೀರ್ಪುಗಳಿಂದಾಗಿ ಲೋಕಸಭೆಗೂ ವಿಧಾನಸಭೆಗೂ ನಿಲ್ಲುವ ಪ್ರತಿಯೊಬ್ಬ ಉಮೇದುವಾರನೂ ತನ್ನ ಮೇಲಿನ ಮೊಕದ್ದಮೆಗಳು, ಆಸ್ತಿ, ಸಾಲ, ವಿದ್ಯಾಭ್ಯಾಸ ಇವುಗಳನ್ನು ಪ್ರಮಾಣಪತ್ರದಲ್ಲಿ ಬರೆದು ಸಲ್ಲಿಸಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ವೇದಿಕೆಯ ಮೇಲೆ ತಪ್ಪು ಅಂಕಿ ಹೇಳಿದವನಿಗೆ ಶಿಕ್ಷೆಯಿಲ್ಲ; ಪ್ರಮಾಣಪತ್ರದಲ್ಲಿ ತಿಳಿದೂ ಸುಳ್ಳು ಬರೆದರೆ ಶಿಕ್ಷೆಯುಂಟು.

ಓಟಿನ ವಯಸ್ಸಾದ 18 ತುಂಬದ ವಾಚಕರೂ ನಡೆಸಬಹುದಾದ ಒಂದು ಪ್ರಯೋಗವನ್ನು ಹೇಳಿ ಮುಗಿಸುತ್ತೇವೆ. 1960ರ ಸೆಪ್ಟೆಂಬರ್ 26ರ ಚರ್ಚೆಯ ಪೂರ್ಣ ಮುದ್ರಿಕೆಯೂ ಬರಹರೂಪವೂ ಅಂತರಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಇಂಗ್ಲಿಷ್ ಭಾಷಣವನ್ನು ಅನುಸರಿಸಬಲ್ಲ ಮೂವತ್ತು ನಲವತ್ತು ಸಹಪಾಠಿಗಳನ್ನು ಕೂಡಿಸಿರಿ. ಈ ಲೇಖನವನ್ನು ಓದಿದವರು ಅವರಲ್ಲಿರಬಾರದು. ಇಬ್ಬರು ನಾಯಕರ ವಿಷಯದಲ್ಲಿ ಅವರ ಈಗಿನ ಅಭಿಪ್ರಾಯವನ್ನು ಮೊದಲೇ ಬರೆಸಿಕೊಳ್ಳಿರಿ. ಆಮೇಲೆ ಚೀಟಿ ಎತ್ತಿ ಎರಡು ಗುಂಪುಗಳನ್ನು ಮಾಡಿ, ಒಂದನ್ನು ಬೇರೆ ಕೊಠಡಿಗೆ ಕಳುಹಿಸಿ ಧ್ವನಿಯನ್ನು ಮಾತ್ರ ಕೇಳಿಸಿರಿ. ಮುಗಿದೊಡನೆ, ಯಾರೂ ಯಾರೊಡನೆಯೂ ಮಾತನಾಡುವುದಕ್ಕೆ ಮುಂಚೆ, ನೆನಪಿನಲ್ಲಿ ಉಳಿದುದನ್ನು ಬರೆಸಿರಿ. ಗೆದ್ದವರು ಯಾರೆಂಬ ಪ್ರಶ್ನೆಯನ್ನು ಕಟ್ಟಕಡೆಗೆ ಕೇಳಿರಿ. ಹದಿನೈದು ಇಪ್ಪತ್ತು ಜನರ ಗುಂಪುಗಳಲ್ಲಿ ಎರಡು ಮೂರು ಮತಗಳ ವ್ಯತ್ಯಾಸ ಕೇವಲ ಆಕಸ್ಮಿಕವಾಗಿರಬಹುದು. ಆದುದರಿಂದ ಬೇರೆ ಬೇರೆ ತರಗತಿಗಳಲ್ಲಿ ಇದನ್ನೇ ನಡೆಸಿ ಫಲಗಳನ್ನು ಕೂಡಿಸಬೇಕು. ಬಳಿಕ ಎಲ್ಲರ ಹಾಳೆಗಳನ್ನೂ ತಿರುವಿಹಾಕಿ, ಬೆವರನ್ನು ಬರೆದವರೆಷ್ಟು, ಹಿಂದಿನ ವರ್ಷವೆಂದರೆ 1958 ಎಂಬ ಮಾತಿನ ಎದುರು ಪ್ರಶ್ನಚಿಹ್ನೆ ಹಾಕಿದವರೆಷ್ಟು ಎಂದು ಎಣಿಸಿರಿ.